ಟವರ್ ಇಲ್ದಾಗ ಇದ್ದ ಮಿತಿ, ಈಗ ಯಾರು ಹಾಕೋದು?

(ಶಿರಸಿ ಸೀಮೆಯ ಒಂದು ಹಳ್ಳಿಶಾಲೆಯ ಪಾಲಕರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ನಾನು ಮೊಬೈಲಿಗೆ ಸರಿಯಾಗಿ ಬೈತೇನೆ ಅಂತ ಅಂದ್ಕೊಂಡು ನೀವೆಲ್ಲ ಬಂದಿದ್ದೀರಿ, ಗೊತ್ತು ನಂಗೆ. ಒಳಗೆ ಬರೋವಾಗ್ಲೇ ಒಬ್ಬರು ಹೇಳಿದ್ರು, "ಮಾಸ್ತರ್ರೇ, ನಮ್ಮನೆ ಮಾಣಿ ಊಟಕ್ಕೂ ಬತ್ನಿಲ್ಲೆ, ನೀವಾದ್ರೂ ರಾಶಿ ಗಟ್ಟಿ ಹೇಳಿ" ಅಂತ. ಗಟ್ಟಿ ಹೇಳೋಕೆ ಅಡ್ಡಿಲ್ಲ. ಆದ್ರೆ ಮಾಣಿಗಿಂತ ನಮಗೇ ಹೇಳ್ಕೊಳ್ಳೋದು ಜಾಸ್ತಿ ಇದೆ.

ಮಕ್ಕಳ ಕೈಗೆ ಮೊಬೈಲ್ ಕೊಡಬೇಕಾ ಬೇಡ್ವಾ ಅನ್ನೋ ಚರ್ಚೆ 2020ಕ್ಕೇ ಮುಗಿದು ಹೋಯ್ತು. ನೆನಪು ಮಾಡ್ಕೊಳ್ಳಿ, ಕೊರೊನಾ ಅಂತ ಮಾರ್ಚಲ್ಲಿ ಶಾಲೆ ಬಾಗಿಲು ಹಾಕ್ತು, ಜೂನಲ್ಲಿ ಸರ್ಕಾರ ಐದನೇ ಕ್ಲಾಸ್ ತನಕ ಆನ್‌ಲೈನ್ ಪಾಠ ಬೇಡ ಅಂತು, ಜುಲೈಯಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಡ್ತು. ಬೆಂಗಳೂರಲ್ಲಿ ಈ ಹಗ್ಗಜಗ್ಗಾಟ ನಡೀತಿದ್ದಾಗ ನಮ್ಮ ಮಕ್ಕಳು ಎಲ್ಲಿದ್ರು? ಗುಡ್ಡದ ಮೇಲೆ. ಜಡಿಮಳೆಯಲ್ಲಿ ಕೊಡೆ ಹಿಡ್ಕೊಂಡು, ಕಾಲಿಗೆ ಉಂಬಳ (ಜಿಗಣೆ) ಹತ್ತಿಸ್ಕೊಂಡು, ಎಲ್ಲಿ ಎರಡು ಗೆರೆ ಸಿಗ್ನಲ್ ಬರ್ತದೆ ಅಂತ ಹುಡುಕ್ತಾ ಇದ್ರು. ಕೆಲವು ಊರಲ್ಲಿ ಅಪ್ಪಂದಿರೇ ಗುಡ್ಡದ ನೆತ್ತಿಯಲ್ಲಿ ನಾಲ್ಕು ಗೂಟ ಹುಗಿದು ಪ್ಲಾಸ್ಟಿಕ್ ಹೊದೆಸಿ ಕೊಟ್ಟಿದ್ರು. ಚಂದನದಲ್ಲಿ ಸೇತುಬಂಧ ಪಾಠ ಬರ್ತಿತ್ತು, ನೋಡೋಕೆ ಕರೆಂಟ್ ಇರ್ಬೇಕಿತ್ತು ಅಷ್ಟೇ. ಆಗಸ್ಟಲ್ಲಿ ವಿದ್ಯಾಗಮ ಅಂತ ಶುರುವಾಯ್ತಲ್ಲ, ಅಕ್ಕೋರು ಮಾಸ್ತರು ಊರೂರಿಗೆ ಹೋಗಿ ಯಾರದೋ ಮನೆ ಜಗಲಿ ಮೇಲೆ, ದೇವಸ್ಥಾನದ ಚಂದ್ರಶಾಲೆಯಲ್ಲಿ ಕೂತು ಪಾಠ ಮಾಡಿದ್ರು, ನನ್ನ ಕೇಳಿದ್ರೆ ಆ ವರ್ಷದ ಅತ್ಯುತ್ತಮ ಟೆಕ್ನಾಲಜಿ ಅದೇ. ಅಕ್ಟೋಬರಲ್ಲಿ ಅದೂ ನಿಂತು ಹೋಯ್ತು.

ಇರ್ಲಿ, ನಾನು ಹೇಳೋಕೆ ಹೊರಟಿದ್ದು ಬೇರೆ. ಗುಡ್ಡ ಹತ್ತಿ ಹೋದ ಮಗು ಕ್ಲಾಸ್ ಮುಗಿದ ಕೂಡ್ಲೇ ಕೆಳಗೆ ಇಳೀತಿತ್ತು. ಮಳೆ, ಉಂಬಳ, ಬ್ಯಾಟರಿ, ಹಸಿವೆ, ಇವೇ ಮಿತಿ ಹಾಕ್ತಿದ್ವು. ಆಮೇಲೆ ಎಂತ ಆಯ್ತು? ವರ್ಕ್ ಫ್ರಂ ಹೋಮ್ ಅಂತ ನಮ್ಮ ಹುಡುಗರು ಬೆಂಗಳೂರಿಂದ ಊರಿಗೆ ಬಂದ್ರು, ಅವರಿಗೋಸ್ಕರ ತೋಟದ ಅಂಚಲ್ಲಿ ಕಂಬದಿಂದ ಕಂಬಕ್ಕೆ ಫೈಬರ್ ಕೇಬಲ್ ಎಳೆಸಿದ್ವಿ, ಹುಡುಗರು ವಾಪಸ್ ಹೋದ್ರು, ವೈಫೈ ಉಳೀತು. ಈಗ ಕಂಬಳಿ ಹೊದ್ಕೊಂಡು ಮಲಗಿದಲ್ಲೇ ಎಲ್ಲ ಸಿಗ್ತದೆ. ಜೋಯಿಡಾ ಕಡೆ, ಯಲ್ಲಾಪುರದ ಒಳಗಿನ ಊರುಗಳಲ್ಲಿ ಇನ್ನೂ ಗುಡ್ಡ ಹತ್ತೋರಿದ್ದಾರೆ, ಅವರನ್ನ ಮರೀಬಾರ್ದು. ಆದ್ರೆ ಇಲ್ಲಿ ಕೂತಿರೋ ಹೆಚ್ಚಿನವರ ಮನೆಯಲ್ಲಿ ಮೊದಲು ಟವರ್ ಇಲ್ಲದ್ದೇ ಹಾಕ್ತಿದ್ದ ಮಿತಿಯನ್ನ ಈಗ ಮನುಷ್ಯರು ಹಾಕ್ಬೇಕಾಗಿದೆ, ಆ ಕೆಲಸವನ್ನ ಯಾರೂ ಕೈಗೆ ತಗೊಂಡಿಲ್ಲ. ಅಪ್ಪ ಆಯಿಯ ಕಡೆ ನೋಡ್ತಾನೆ, ಆಯಿ ಶಾಲೆ ಕಡೆ ನೋಡ್ತಾಳೆ, ಶಾಲೆಯವರು ರಾತ್ರಿ ಒಂಬತ್ತಕ್ಕೆ ವಾಟ್ಸಾಪ್ ಗ್ರೂಪಲ್ಲಿ ಹೋಂವರ್ಕ್ ಹಾಕ್ತಾರೆ. ನಗ್ಬೇಡಿ, ಮುಂದಿನ ಸಾಲಲ್ಲಿ ಅಕ್ಕೋರೂ ಕೂತಿದ್ದಾರೆ. ಆ ಒಂದು ಮೆಸೇಜ್ ನೋಡೋಕೆ ಅಂತ ಫೋನ್ ತಗೊಂಡ ಮಗು ಹತ್ತೂವರೆಗೂ ಅದನ್ನ ಕೆಳಗಿಡಲ್ಲ. ಹೋಂವರ್ಕ್ ಶಾಲೆಯಲ್ಲೇ ಬೋರ್ಡ್ ಮೇಲೆ ಬರೆದು ಡೈರಿಗೆ ಇಳಿಸ್ಕೊಳ್ಳೋ ಹಳೇ ಪದ್ಧತಿ ಇತ್ತಲ್ಲ, ಅದನ್ನ ಯಾಕೆ ಬಿಟ್ವಿ ಅಂತ ನನಗಂತೂ ಇನ್ನೂ ಅರ್ಥ ಆಗಿಲ್ಲ.

ಒಂದೆರಡು ಅಂಕಿ ಹೇಳ್ತೇನೆ, ಜಾಸ್ತಿ ಇಲ್ಲ. ಅಸರ್ ಅಂತ ಒಂದು ಸಮೀಕ್ಷೆ ಇದೆ, ಹಳ್ಳಿ ಮನೆಗಳಿಗೇ ಹೋಗಿ ಮಾಡೋದು, ಅದರ 2024ರ ವರದಿಯಲ್ಲಿ 14ರಿಂದ 16 ವಯಸ್ಸಿನ ಮಕ್ಕಳನ್ನ ಸ್ಮಾರ್ಟ್‌ಫೋನ್ ಬಗ್ಗೆ ಕೇಳಿದ್ದಾರೆ. ದೇಶದ ಲೆಕ್ಕದಲ್ಲಿ ನೂರರಲ್ಲಿ 82 ಮಕ್ಕಳಿಗೆ ಬಳಸೋಕೆ ಬರ್ತದೆ. ಬರೋರಲ್ಲಿ, ಹಿಂದಿನ ಒಂದು ವಾರದಲ್ಲಿ ಓದಿಗೆ ಸಂಬಂಧಪಟ್ಟದ್ದಕ್ಕೆ ಬಳಸಿದ್ದು 57 ಶೇಕಡಾ, ಸೋಷಿಯಲ್ ಮೀಡಿಯಾಕ್ಕೆ 76 ಶೇಕಡಾ. ಇದನ್ನ ನೋಡಿ ಹಾಳಾಗಿ ಹೋದ್ರು ಅಂತ ಅನ್ನೋಕೆ ಹೋಗ್ಬೇಡಿ, ಅರ್ಧಕ್ಕಿಂತ ಹೆಚ್ಚು ಮಕ್ಕಳು ಓದೋಕೂ ಬಳಸಿದ್ದಾರೆ ಅನ್ನೋದು ಸಣ್ಣ ಮಾತಲ್ಲ. ನನ್ನ ಗಮನ ಹೋಗಿದ್ದು ಇನ್ನೊಂದು ಅಂಕಿಗೆ. ಫೋನ್ ಬಳಸೋಕೆ ಬರೋ ಹುಡುಗರಲ್ಲಿ ಸ್ವಂತ ಫೋನ್ ಇದ್ದವರು 36 ಶೇಕಡಾ, ಹುಡುಗಿಯರಲ್ಲಿ ಬರೀ 27. ಅಂದ್ರೆ ನಾವು ಸಭೆಯಲ್ಲಿ ಕೂತು ಮಕ್ಕಳಿಗೆ ಮೊಬೈಲ್ ಜಾಸ್ತಿ ಆಯ್ತು ಅಂತ ಹೇಳೋದು ಎಷ್ಟೋ ಸಲ ಗಂಡುಮಕ್ಕಳ ಕಥೆ. ಕೆಲವು ಮನೆಯಲ್ಲಿ ಹೆಣ್ಣುಮಗುವಿನ ಕೈಗೆ ಫೋನ್ ಸಿಗೋದು ಹೋಂವರ್ಕ್ ಫೋಟೋ ಹೊಡ್ಯೋಕೆ ಮಾತ್ರ, ಅದೂ ಅಣ್ಣನ ಗೇಮ್ ಮುಗಿದ ಮೇಲೆ. ಮಿತಿ ಹಾಕೋವಾಗ ಇಬ್ಬರಿಗೂ ಒಂದೇ ಮಿತಿ ಹಾಕಿ, ಕೊಡೋವಾಗ್ಲೂ ಇಬ್ಬರಿಗೂ ಕೊಡಿ.

ಲಾಭದ ವಿಷಯ ಬೇಗ ಮುಗಿಸಿ ಬೈಗಳಕ್ಕೆ ಹೋಗೋದು ಇಂಥ ಭಾಷಣಗಳ ರೂಢಿ, ನಾನು ಹಾಗೆ ಮಾಡಲ್ಲ.

ನಮ್ಮ ಪಠ್ಯಪುಸ್ತಕದ ಪಾಠಗಳ ಹತ್ರ ಕಪ್ಪು ಚೌಕ ಇರ್ತದಲ್ಲ, ಕ್ಯೂಆರ್ ಕೋಡ್, ಅದು ದೀಕ್ಷಾ ಅನ್ನೋ ಸರ್ಕಾರಿ ವೇದಿಕೆಗೆ ಹೋಗ್ತದೆ, 2017ರಿಂದ ಇದೆ, ಪುಕ್ಕಟೆ. ಎಷ್ಟು ಜನ ಅದನ್ನ ಸ್ಕ್ಯಾನ್ ಮಾಡಿ ನೋಡಿದ್ದೀರಿ, ಕೈ ಎತ್ತಿ? ನೋಡಿ, ಇಷ್ಟೇ ಜನ. ಅಂಗಡಿಯಲ್ಲಿ ದುಡ್ಡು ಕೊಡೋಕೆ ದಿನಾ ಸ್ಕ್ಯಾನ್ ಮಾಡ್ತೀರಿ. ಇನ್ನು ಕಣ್ಣು ಕಾಣದ ಮಕ್ಕಳು, ಅವರ ವಿಷಯ ಯಾರೂ ಎತ್ತಲ್ಲ. ಪರದೆ ಮೇಲಿದ್ದದ್ದನ್ನ ಕನ್ನಡದಲ್ಲೇ ಓದಿ ಹೇಳೋ ವ್ಯವಸ್ಥೆ ಫೋನಲ್ಲೂ ಇದೆ ಕಂಪ್ಯೂಟರಲ್ಲೂ ಇದೆ, ಅಂಥ ಮಗುವಿಗೆ ಸ್ಕ್ರೀನ್ ಟೈಮ್ ಎರಡೇ ತಾಸು ಅಂತ ನಿಯಮ ಮಾಡೋಕಾಗ್ತದಾ? ಅದಕ್ಕೇ ನಾನು ತಾಸು ಎಣಿಸೋ ಲೆಕ್ಕವನ್ನ ಅಷ್ಟು ನಂಬಲ್ಲ.

ಹಕ್ಕಿ ಕೂಗನ್ನ ಕೇಳಿಸ್ಕೊಂಡು ಇದು ಯಾವ ಹಕ್ಕಿ ಅಂತ ಹೇಳೋ ಮರ್ಲಿನ್ ಅನ್ನೋ ಆ್ಯಪ್ ಇದೆ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಕೇಂದ್ರದವರದ್ದು. ನಮ್ಮ ಜಿಲ್ಲೆಗಿಂತ ಒಳ್ಳೆ ಜಾಗ ಬೇಕಾ ಅದಕ್ಕೆ? ದಾಂಡೇಲಿಯಲ್ಲಿ ಮಂಗಟ್ಟೆ, ಮುಂಡಗೋಡ ಹತ್ರ ಅತ್ತಿವೇರಿ ಪಕ್ಷಿಧಾಮ, ಅಷ್ಟು ದೂರ ಯಾಕೆ, ನಿಮ್ಮ ತೋಟದಲ್ಲೇ ಬೆಳಿಗ್ಗೆ ಆರಕ್ಕೆ ಎಷ್ಟು ದನಿ ಕೇಳ್ತವೆ. ಅದನ್ನ ಹಿಡ್ಕೊಂಡು ಮಗು ಬೆಟ್ಟಕ್ಕೆ ಹೋಗ್ತದೆ ಅಂದ್ರೆ ಫೋನ್ ಅದನ್ನ ಮನೆಯಿಂದ ಹೊರಗೆ ಕಳಿಸ್ತು ಅಂತಾಯ್ತು. ಆ್ಯಪ್ ಒಂದೊಂದ್ಸಲ ತಪ್ಪೂ ಹೇಳ್ತದೆ, ಆಗ ಅಜ್ಜ "ಅದಲ್ಲ, ಇದು ಕುಟ್ರುಹಕ್ಕಿ" ಅಂತ ಹೇಳಿದ್ರೆ ಅಲ್ಲಿಗೆ ಪಾಠ ಇನ್ನೂ ಚೊಲೋ ಆಯ್ತು.

ಯಕ್ಷಗಾನ ಕಲಿಯೋ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಯೂಟ್ಯೂಬಲ್ಲಿ ಹಳೇ ಆಟದ ವಿಡಿಯೋ ಹಾಕಿ, ವೇಗ ಅರ್ಧಕ್ಕಿಳಿಸಿ, ಹೆಜ್ಜೆ ಎಲ್ಲಿ ಬೀಳ್ತದೆ ಅಂತ ಹತ್ತು ಸಲ ಹಿಂದೆ ಮುಂದೆ ಮಾಡಿ ನೋಡ್ತಾರೆ. ನಮ್ಮ ಕಾಲದಲ್ಲಿ ಒಬ್ಬ ಕಲಾವಿದರ ಅದೇ ಹೆಜ್ಜೆಯನ್ನ ಇನ್ನೊಮ್ಮೆ ನೋಡ್ಬೇಕು ಅಂದ್ರೆ ಮುಂದಿನ ಆಟದ ತನಕ ಕಾಯ್ಬೇಕಿತ್ತು, ಅಷ್ಟರಲ್ಲಿ ಅವರು ಬೇರೆ ಥರ ಕುಣೀತಿದ್ರು! ಆದ್ರೆ ಇಲ್ಲೊಂದು ವಿಷಯ ಇದೆ. ವಿಡಿಯೋ ನೋಡಿ ಹೆಜ್ಜೆ ಕಲಿತ ಹುಡುಗ ಮೊದಲ ಸಲ ನಿಜವಾದ ಚಂಡೆ ಮದ್ದಳೆ ಎದುರು ನಿಂತಾಗ ಗಾಬರಿ ಆಗ್ತಾನೆ, ಯಾಕಂದ್ರೆ ವಿಡಿಯೋ ಇವನಿಗೆ ಬೇಕಾದಾಗ ನಿಲ್ತಿತ್ತು, ಭಾಗವತರು ಇವನಿಗೋಸ್ಕರ ನಿಲ್ಲಲ್ಲ. ತನಗೆ ಬೇಕಾದಾಗ ನಿಲ್ಸೋ ಅಭ್ಯಾಸ, ಬೇಜಾರಾದ ಕೂಡ್ಲೇ ಮುಂದೆ ತಳ್ಳೋ ಅಭ್ಯಾಸ, ಇದನ್ನ ಮಗು ಫೋನಿಂದ ಕ್ಲಾಸಿಗೂ ತರ್ತದೆ. ಎದುರಿಗಿದ್ದ ಅಕ್ಕೋರನ್ನ ಮುಂದೆ ತಳ್ಳೋಕೆ ಆಗಲ್ಲ ಅಲ್ವಾ, ಹಾಗಾಗಿ ಕಿಟಕಿ ಹೊರಗೆ ನೋಡ್ತದೆ.

2022ರ ಪಿಸಾ ಪರೀಕ್ಷೆ ಅಂತ ಆಯ್ತು, ಬೇರೆ ಬೇರೆ ದೇಶಗಳ 15 ವರ್ಷದ ಮಕ್ಕಳಿಗೆ, ನಮ್ಮ ದೇಶ ಅದರಲ್ಲಿ ಇರ್ಲಿಲ್ಲ. ಅದರಲ್ಲಿ ಗೊತ್ತಾಗಿದ್ದು ಕುತೂಹಲದ್ದು. ಶಾಲೆಯಲ್ಲಿ ಕಲಿಕೆಗೆ ಅಂತ ದಿನಕ್ಕೆ ಒಂದು ತಾಸಿನ ತನಕ ಕಂಪ್ಯೂಟರ್, ಟ್ಯಾಬ್ ಬಳಸಿದ ಮಕ್ಕಳು, ಏನೂ ಬಳಸದೇ ಇದ್ದವರಿಗಿಂತ ಗಣಿತದಲ್ಲಿ ಸರಾಸರಿ 14 ಅಂಕ ಮುಂದಿದ್ರು. ಅದೇ ಬೇರೆ ಮಕ್ಕಳು ಬಳಸೋ ಫೋನ್, ಟ್ಯಾಬ್ ಥರದ ಸಾಧನಗಳಿಂದ ಗಮನ ಹಾಳಾಗ್ತದೆ ಅಂತ ಹೇಳಿದ ಮಕ್ಕಳು ಹೆಚ್ಚುಕಮ್ಮಿ ಅಷ್ಟೇ ಅಂಕ ಹಿಂದಿದ್ರು. ಗಮನಿಸಿ, ತನ್ನ ಕೈಯಲ್ಲಿದ್ದದ್ದು ಅಲ್ಲ, ಪಕ್ಕದವನ ಕೈಯಲ್ಲಿದ್ದದ್ದು. ಇದರಿಂದ ಆ ಸಾಧನವೇ ಕಾರಣ ಅಂತ ಸಾಬೀತಾಯ್ತು ಅಂತ ನಾನು ಹೇಳ್ತಾ ಇಲ್ಲ, ಆದ್ರೆ ಇದು ಒಂದೊಂದು ಮನೆಯವರು ಬೇರೆ ಬೇರೆಯಾಗಿ ಬಗೆಹರಿಸೋ ವಿಷಯ ಅಲ್ಲ ಅನ್ನೋದಕ್ಕೆ ನನಗೆ ಇಷ್ಟು ಸಾಕು.

ಈಗ ಕೆಡುಕಿಗೆ ಬರ್ತೇನೆ. ತಾಸು ಎಣಿಸೋದಕ್ಕಿಂತ ನಾನು ಕೇಳೋ ಪ್ರಶ್ನೆ, ಫೋನ್ ಬಂದು ಯಾವುದನ್ನ ಹೊರಗೆ ಹಾಕ್ತು? ಮೊದಲು ಹೋಗೋದು ನಿದ್ರೆ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ತಾಸು ನಿದ್ರೆ ಬೇಕು, 13 ದಾಟಿದವರಿಗೆ 8ರಿಂದ 10 ತಾಸು. ನಮ್ಮ ಮಕ್ಕಳಿಗೆ ಎಂಟೂವರೆ ಬಸ್ಸು, ಅದು ತಪ್ಪಿದ್ರೆ ಮುಂದಿನದು ಹನ್ನೊಂದಕ್ಕೆ, ಹಾಗಾಗಿ ಆರಕ್ಕೆ ಏಳ್ಬೇಕು. ರಾತ್ರಿ ಹನ್ನೊಂದೂವರೆ ತನಕ ರೀಲ್ಸ್ ನೋಡಿದ್ರೆ ಲೆಕ್ಕ ನೀವೇ ಹಾಕಿ. ಕಣ್ಣೆದುರು ಬೆಳಕಿದ್ರೆ ನಿದ್ರೆ ತರಿಸೋ ಹಾರ್ಮೋನೇ ತಡವಾಗಿ ಬರ್ತದೆ, ಮಲಗಿದ ಕೂಡ್ಲೇ ನಿದ್ರೆನೂ ಹತ್ತಲ್ಲ.

ಎರಡನೇದು ಹೊರಗಿನ ಬೆಳಕು. ತೈವಾನ್ ಅಂತ ದೇಶ ಇದೆಯಲ್ಲ, ಅಲ್ಲಿ ಮಕ್ಕಳಿಗೆ ದೂರದ್ದು ಕಾಣದ ದೋಷ, ಅದೇ ಸಮೀಪದೃಷ್ಟಿ, ವರ್ಷ ವರ್ಷ ಜಾಸ್ತಿ ಆಗ್ತಾ ಹೋಯ್ತು. 2010ರಲ್ಲಿ ಅವರು ದಿನಕ್ಕೆ 120 ನಿಮಿಷ ಮಕ್ಕಳನ್ನ ಹೊರಗೆ ಬಿಡಿ ಅಂತ ಶಾಲೆಗಳಲ್ಲಿ ಕಾರ್ಯಕ್ರಮ ಮಾಡಿದ್ರು, ಏರ್ತಾ ಇದ್ದ ಗೆರೆ ಆಮೇಲೆ ಇಳಿಯೋಕೆ ಶುರುವಾಯ್ತು. ಔಷಧಿ ಅಲ್ಲ ಎಂತದೂ ಅಲ್ಲ, ಹಗಲು ಬೆಳಕು. ನಮ್ಮಲ್ಲಿ ಬೇಸಿಗೆಯಲ್ಲಿ ತೊಂದರೆ ಇಲ್ಲ, ಮಕ್ಕಳು ಹೊಳೆ, ಬೆಟ್ಟ, ಕ್ರಿಕೆಟ್ ಅಂತ ಹೋಗ್ತಾರೆ. ನಮ್ಮ ಕಷ್ಟ ಇರೋದು ಜೂನಿಂದ ಸೆಪ್ಟೆಂಬರ್ ತನಕ. ಹೊರಗೆ ಕಾಲಿಡೋಕಾಗಲ್ಲ, ಮಧ್ಯಾಹ್ನ ಮೂರಕ್ಕೇ ಕತ್ತಲೆ ಕಟ್ಟಿರ್ತದೆ, ದೊಡ್ಡವರೂ ಒಳಗೇ. ಈ ಮಳೆಗಾಲದಲ್ಲಿ ಹತ್ತಿದ ಚಟ ದೀಪಾವಳಿ ಹೊತ್ತಿಗೆ ಬಿಡಲ್ಲ. ಬೆಂಗಳೂರಿನವರು ಬರೆದ ಸಲಹೆಗಳಲ್ಲಿ ಈ ಮಳೆಗಾಲದ ಮಾತೇ ಇರಲ್ಲ. ಬಚ್ಚಲ ಒಲೆಗೆ ಬೆಂಕಿ ಹಾಕೋದು, ಕೇರಂ, ಇಸ್ಪೀಟು (ಹೌದು, ಇಸ್ಪೀಟೇ ಹೇಳ್ತಾ ಇದ್ದೇನೆ, ಲೆಕ್ಕ ಕಲೀತಾರೆ), ಪಂಚಾಯ್ತಿ ಅರಿವು ಕೇಂದ್ರದಿಂದ ತಂದ ನಾಲ್ಕು ಪುಸ್ತಕ, ಇವನ್ನೆಲ್ಲ ಮೇ ತಿಂಗಳಲ್ಲೇ ಯೋಚನೆ ಮಾಡಿ ಇಟ್ಕೊಳ್ಳಿ. ಹಪ್ಪಳ ಸಂಡಿಗೆ ಆಗಲೇ ಮಾಡಿ ಇಡ್ತೀವಲ್ಲ.

ಮೂರನೇದು, ಯಾರೂ ಹೇಳದ ವಿಷಯ. ನಿಮ್ಮ ಮಗು ಬಳಸೋದು ಯಾರ ಫೋನ್? ಹೆಚ್ಚಿನ ಮನೆಯಲ್ಲಿ ಅಪ್ಪನ ಫೋನ್, ಅಪ್ಪನ ಖಾತೆ. ಆ ಕಡೆ ಇರೋ ಕಂಪ್ಯೂಟರಿಗೆ ನೋಡ್ತಾ ಇರೋರು ನಲವತ್ತೈದು ವರ್ಷದ ಗಂಡಸು ಅಂತ್ಲೇ ಲೆಕ್ಕ. ಹಾಗಾಗಿ ಸಾಲದ ಜಾಹೀರಾತು, ಹೊಡೆದಾಟದ ವಿಡಿಯೋ, ಅರೆಬರೆ ಬಟ್ಟೆಯ ರೀಲು, ಎಲ್ಲ ನಾಲ್ಕನೇ ಕ್ಲಾಸಿನ ಮಗುವಿನ ಮುಂದೆ ಬಂದು ಬೀಳ್ತದೆ. ಇನ್‌ಸ್ಟಾಗ್ರಾಂ, ವಾಟ್ಸಾಪ್ ಕಂಪನಿಗಳೇ 13 ವರ್ಷ ಆಗಿರ್ಬೇಕು ಅಂತ ಹಾಕಿದ್ದಾರೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ರ ಕೆಳಗಿನವರಿಗೆ ದೊಡ್ಡ ಸೋಷಿಯಲ್ ಮೀಡಿಯಾ ಖಾತೆಗಳೇ ಇಲ್ಲ ಅಂತ ಮಾಡಿದೆ, ಅದರಲ್ಲಿ ನಂಗೆ ಸೇರಿದ್ದು ಎಂತ ಅಂದ್ರೆ ದಂಡ ಬೀಳೋದು ಕಂಪನಿಗೆ, ಮಗುವಿಗೂ ಅಲ್ಲ ಅಪ್ಪ ಅಮ್ಮನಿಗೂ ಅಲ್ಲ. ನಮ್ಮ ದೇಶದಲ್ಲೂ 2023ರ ಡಾಟಾ ಸಂರಕ್ಷಣಾ ಕಾಯ್ದೆ 18ರ ಒಳಗಿನವರನ್ನ ಮಗು ಅಂತ್ಲೇ ಹೇಳ್ತದೆ, ಪಾಲಕರ ಒಪ್ಪಿಗೆ ಬೇಕು, ಮಕ್ಕಳನ್ನ ಗುರಿ ಮಾಡಿ ಜಾಹೀರಾತು ಕೂಡದು ಅಂತೆಲ್ಲ ಇದೆ. ಒಳ್ಳೇದೇ. ಆದ್ರೆ ಮಗು ಅಪ್ಪನ ಖಾತೆಯಲ್ಲಿ ಕೂತಿದ್ರೆ ಆ ಕಾನೂನಿನ ಕಣ್ಣಿಗೆ ಮಗುವೇ ಕಾಣಲ್ಲ, ಅಲ್ಲಿ ಇರೋದು ಅಪ್ಪ.

ಅದಕ್ಕೆ ಇವತ್ತು ಮನೆಗೆ ಹೋಗಿ ಮಾಡೋಕೆ ಒಂದು ಕೆಲಸ ಹೇಳ್ತೇನೆ. ಯೂಟ್ಯೂಬಿನ ಸೆಟ್ಟಿಂಗ್ಸಿಗೆ ಹೋಗಿ, ನೋಡಿದ ವಿಡಿಯೋಗಳ ಹಿಸ್ಟರಿ ಅಳಿಸಿ, ಮುಂದೆ ಅದನ್ನ ನೆನಪಿಟ್ಕೋಬೇಡ ಅಂತ ಆಫ್ ಮಾಡಿ, ಆಟೋಪ್ಲೇನೂ ಆಫ್ ಮಾಡಿ. ಆಮೇಲೆ ತೆರೆದ್ರೆ ಮೊದಲ ಪುಟ ಖಾಲಿ ಇರ್ತದೆ, ಬೇಕಾದ್ದನ್ನ ಹುಡುಕಿದ್ರೆ ಮಾತ್ರ ಬರ್ತದೆ. ಹುಡುಕಿ ನೋಡೋದು ಬೇರೆ, ಬಂದದ್ದನ್ನೆಲ್ಲ ನೋಡೋದು ಬೇರೆ. ಬೆರಳಾಡಿಸಿದಷ್ಟೂ ಮುಗಿಯದ ಆ ಪುಟ ಇದೆಯಲ್ಲ, ಅದನ್ನ 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅನ್ನೋ ಎಂಜಿನಿಯರೇ ಆಮೇಲೆ ಪಶ್ಚಾತ್ತಾಪ ಪಟ್ಕೊಂಡಿದ್ದಾನೆ. ದೊಡ್ಡವರಿಗೇ ಅದರಿಂದ ಏಳೋಕಾಗಲ್ಲ, ಅಡಕೆ ಸುಲಿಯೋಕೆ ಕೂತೋರೂ ಮಧ್ಯ ಮಧ್ಯ ಫೋನ್ ಎತ್ತಿ ನೋಡೋದನ್ನ ನಾನೇ ನೋಡ್ತೇನೆ. ಮಗುವಿಗೆ ಮನಸ್ಸು ಗಟ್ಟಿ ಮಾಡ್ಕೋ ಅಂತ ಹೇಳಿದ್ರೆ ಹೆಂಗೆ?

ಮಿತಿ ಹಾಕೋದು ಅಂದ್ರೆ ಆ ವಸ್ತು ಕೆಟ್ಟದ್ದು ಅಂತ ಅರ್ಥ ಅಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯಲ್ಲ, ಕಾರವಾರದ ಬೈತಖೋಲದಲ್ಲಿ, ತದಡಿಯಲ್ಲಿ ಸಾಲಾಗಿ ಕಟ್ಟಿ ಇಟ್ಟಿರ್ತಾರೆ. ಮೀನಿಂದ್ಲೇ ಹೊಟ್ಟೆ ತುಂಬಿಸ್ಕೊಳ್ಳೋರು ಅವರು, ಆದ್ರೂ ನಿಲ್ಲಿಸ್ತಾರೆ, ಎಲ್ಲರೂ ಒಟ್ಟಿಗೇ ನಿಲ್ಲಿಸ್ತಾರೆ. ಒಬ್ಬ ನಿಲ್ಲಿಸಿ ಇನ್ನೊಬ್ಬ ಹೋದ್ರೆ ನಿಲ್ಲಿಸಿದವನು ಮೂರ್ಖ ಆಗ್ತಾನೆ. ಮನೆಯಲ್ಲೂ ಅಷ್ಟೇ, ರಾತ್ರಿ ಒಂಬತ್ತಕ್ಕೆ ಎಲ್ಲ ಫೋನೂ ಜಗಲಿಯ ಒಂದು ಪ್ಲಗ್ಗಿಗೆ ಚಾರ್ಜಿಗೆ ಹೋಗ್ಬೇಕು ಅಂದ್ರೆ ಅಪ್ಪಂದೂ ಹೋಗ್ಬೇಕು. ಕೇರಿಯ ನಾಲ್ಕು ಮನೆ ಮಾತಾಡ್ಕೊಂಡು ಮಾಡಿದ್ರೆ ಇನ್ನೂ ಸುಲಭ, "ಅವರ ಮನೆಯಲ್ಲಿ ಬಿಡ್ತಾರೆ" ಅನ್ನೋ ವಾದ ಹೋಗ್ತದೆ.

ಕೊನೆಗೆ ಸಭೆಯಿಂದ ಬಂದ ಪ್ರಶ್ನೆಗಳು. ಮೊಮ್ಮಗು ಫೋನ್ ತೋರಿಸದೇ ಇದ್ರೆ ಉಣ್ಣಲ್ಲ, ಎಂತ ಮಾಡದು ಅಂತ ಒಬ್ಬರು ಅಜ್ಜಿ ಕೇಳಿದ್ರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಎರಡು ವರ್ಷದ ಒಳಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಜಾಸ್ತಿ ಬೇಡ. ಎರಡು ದಿನ ಕಡಿಮೆ ಉಂಡ್ರೆ ಉಣ್ಲಿ ಅಜ್ಜಿ, ಗಟ್ಟಿಮುಟ್ಟಾದ ಮಗು ಹಸಿವಾದ್ರೆ ಕೇಳ್ತದೆ. ಕೊಟ್ಟಿಗೆ ತೋರಿಸಿ, ಕರು ತೋರಿಸಿ.

ಮಕ್ಕಳು ಎಐ ಹತ್ರ ಪ್ರಬಂಧ ಬರೆಸ್ಕೊಂಡು ಬರ್ತಾರೆ ಅಂತ ಅಕ್ಕೋರೊಬ್ಬರು ಹೇಳಿದ್ರು. "ನಮ್ಮೂರ ಜಾತ್ರೆ" ಅಂತ ಕೊಟ್ಟಿದ್ದಕ್ಕೆ ಮೂರು ಮಕ್ಕಳು ಬರೆದಿದ್ದರಲ್ಲಿ ಎಲ್ಲಿಯೂ ಮಾರಿಕಾಂಬೆಯೇ ಇಲ್ವಂತೆ! ಎರಡು ವರ್ಷಕ್ಕೊಮ್ಮೆ ಇಡೀ ಶಿರಸಿ ತುಂಬೋ ಜಾತ್ರೆ, ರಥದ ಸುದ್ದಿ ಇಲ್ಲ, ತಿರುಗೋ ದೊಡ್ಡ ತೊಟ್ಟಿಲಲ್ಲಿ ಕೂತು ವಾಂತಿ ಮಾಡ್ಕೊಂಡ ಸುದ್ದಿ ಇಲ್ಲ, ಬರೀ "ಜಾತ್ರೆಯು ಸಂಸ್ಕೃತಿಯ ಪ್ರತೀಕ". ಅಕ್ಕೋರು ಒಳ್ಳೆ ಉಪಾಯ ಮಾಡಿದ್ರು, ಬೈಲಿಲ್ಲ, ಆ ಮೂರು ಪ್ರಬಂಧವನ್ನ ಕ್ಲಾಸಲ್ಲೇ ಓದಿಸಿ, ಇದರಲ್ಲಿ ನಮ್ಮೂರು ಎಲ್ಲಿದೆ ಹುಡುಕಿ ಅಂದ್ರಂತೆ. ಲೆಕ್ಕ ಅರ್ಥ ಆಗದೇ ಇದ್ದಾಗ ಎಐ ಹತ್ರ ಬಿಡಿಸಿ ಹೇಳು ಅಂತ ಕೇಳೋದಕ್ಕೆ ನನ್ನ ವಿರೋಧ ಇಲ್ಲ, ಊರಲ್ಲಿ ಟ್ಯೂಷನ್ ಸಿಗದ ಮಗುವಿಗೆ ಅದು ದೊಡ್ಡ ಆಸರೆ. ಆದ್ರೆ ಮೊದಲು ಪೆನ್ಸಿಲ್ ಹಿಡಿದು ಒಂದ್ಸಲ ತಾನೇ ಮಾಡಿರ್ಬೇಕು, ಉತ್ತರವನ್ನ ಪುಸ್ತಕದ ಜೊತೆ ಹೋಲಿಸಿ ನೋಡ್ಬೇಕು, ಅದು ಧೈರ್ಯವಾಗಿ ತಪ್ಪು ಹೇಳ್ತದೆ.

ಇನ್ನೊಬ್ಬರು ಕೇಳಿದ್ದು ಸ್ವಂತ ಫೋನ್ ಯಾವಾಗ ಕೊಡಿಸ್ಬೇಕು ಅಂತ. ನಮ್ಮಲ್ಲಿ ಇದಕ್ಕೆ ಉತ್ತರ ಆಗಲೇ ಇದೆ, ಎಸ್ಸೆಸ್ಸೆಲ್ಸಿ ಮುಗಿದು ಪಿಯುಸಿಗೆ ಶಿರಸಿಗೋ ಕುಮಟೆಗೋ ಧಾರವಾಡಕ್ಕೋ ಹೋಗೋವಾಗ. ತೊಂದರೆ ಇರೋದೇ ಅಲ್ಲಿ. ಹತ್ತನೇ ಕ್ಲಾಸ್ ತನಕ ಮುಟ್ಟೋಕೆ ಬಿಡಲ್ಲ, ಜೂನಲ್ಲಿ ಹೊಸ ಫೋನ್ ಕೈಗೆ ಕೊಟ್ಟು ಯಾರೂ ಇಲ್ಲದ ಹಾಸ್ಟೆಲ್ಲಿಗೆ ಬಿಟ್ಟು ಬರ್ತೀವಿ. ಎಂಟು ಒಂಬತ್ತನೇ ಕ್ಲಾಸಿಂದ್ಲೇ, ನೀವು ಪಕ್ಕದಲ್ಲಿ ಇರೋವಾಗ್ಲೇ ಕಲಿಸಿ. ನೋಟಿಫಿಕೇಶನ್ ಆಫ್ ಮಾಡೋದು ಹೇಗೆ, ಒಟಿಪಿ ಪಿನ್ ಯಾಕೆ ಯಾರಿಗೂ ಹೇಳ್ಬಾರ್ದು, ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ 2025ರ ಕಾಯ್ದೆಯಲ್ಲಿ ಯಾಕೆ ನಿಷೇಧ ಮಾಡಿದ್ರು, ಗೊತ್ತಿಲ್ಲದವರು ಫೋಟೋ ಕೇಳಿದ್ರೆ ಎಂತ ಮಾಡ್ಬೇಕು. ಆನ್‌ಲೈನ್ ಮೋಸದಲ್ಲಿ ದುಡ್ಡು ಹೋದ್ರೆ ಕೂಡ್ಲೇ 1930ಕ್ಕೆ ಫೋನ್ ಮಾಡ್ಬೇಕು, ಯಾರಾದ್ರೂ ಹೆದರಿಸ್ತಾ ಇದ್ರೆ ಮಕ್ಕಳ ಸಹಾಯವಾಣಿ 1098, ಮನಸ್ಸಿಗೆ ತೀರಾ ಕಷ್ಟ ಆದ್ರೆ ಟೆಲಿಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ. ಬಿಡೋಕೇ ಆಗದಷ್ಟು ಚಟ ಆಗಿದ್ರೆ ಬೆಂಗಳೂರಿನ ನಿಮ್ಹಾನ್ಸಲ್ಲಿ ಇದಕ್ಕೇ ಅಂತ ಶಟ್ ಕ್ಲಿನಿಕ್ 2014ರಿಂದ ಇದೆ. ಈ ನಂಬರ್‌ಗಳನ್ನ ಅಕ್ಕೋರು ಈಗ ಬೋರ್ಡ್ ಮೇಲೆ ಬರೀತಾರೆ. ಮಕ್ಕಳ ಕೈಯಲ್ಲೇ ಡೈರಿಗೆ ಇಳಿಸ್ಕೊಳ್ಳೋಕೆ ಹೇಳಿ, ಫೋಟೋ ಹೊಡ್ಕೋಬೇಡಿ.